ಪೈಪಕ್ಕನ ಸರದಿ

ಪರೀಕ್ಷೆಗೆ ಬರುವವರನ್ನೆಲ್ಲ ಹಿಂದಿನ ದಿನವೇ ಕೂರಿಸಿಕೊಂಡು ಹೇಳುತ್ತಾರೆ. ರಾತ್ರಿ ಊಟ ಬೇಗ ಮುಗಿಸಿ. ಆಮೇಲೆ ಏನೂ ತಿನ್ನಬೇಡಿ, ಬೆಳಿಗ್ಗೆ ನೀರೂ ಬೇಡ. ಕಟ್ಟಿಸಿಕೊಂಡ ಹಲ್ಲಿದ್ದರೆ ತೆಗೆದಿಡಿ. ರಕ್ತ ತೆಳುವಾಗೋ ಮಾತ್ರೆ ನುಂಗುತ್ತಿದ್ದರೆ ಮುಚ್ಚಿಡದೆ ಹೇಳಿ. ಜೊತೆಗೆ ಮನೆಯವರೊಬ್ಬರು ಇರಲಿ. ಹೆದರಬೇಡಿ, ಬೆರಳಿಗಿಂತ ಸಣ್ಣ ಪೈಪು ಅದು. ಮೂಗಿನಿಂದಲೋ ಬಾಯಿಯಿಂದಲೋ ಇಳಿಸಿ ಉಸಿರಿನ ದಾರಿ ಹೇಗಿದೆ ಅಂತ ನೋಡುತ್ತಾರೆ, ಅಷ್ಟೇ.

ಪೈಪಕ್ಕನಿಗೆ ಯಾರೂ ಹೇಳಲಿಲ್ಲ.

"ನಿನಗೇನೇ ಹೇಳೋದು? ಇಲ್ಲೇ ಹುಟ್ಟಿ ಇಲ್ಲೇ ಬೆಳೆದವಳು ನೀನು" ಎಂದು ಇನ್‌ಚಾರ್ಜ್ ಸಿಸ್ಟರ್ ನಕ್ಕರು. "ನಾಳೆ ಎರಡನೇ ಕೇಸು ನಿಂದೇ. ಹೊಟ್ಟೆ ಖಾಲಿ ಇಟ್ಕೊಂಡು ಬಾ."

ಹೊಟ್ಟೆ ಖಾಲಿ ಇಟ್ಟುಕೊಳ್ಳುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಉಳಿದದ್ದನ್ನು ಯಾರಾದರೂ ಹೇಳಬೇಕಿತ್ತು.

ಆಸ್ಪತ್ರೆಯಲ್ಲಿ ಅವಳ ಹೆಸರು ಯಾರಿಗೂ ನೆನಪಿಲ್ಲ. ಎದೆಯೊಳಗೆ ಇಳಿಸುವ ಪೈಪು ತೊಳೆಯುತ್ತಾಳೆ, ಅದಕ್ಕೆ ಪೈಪಕ್ಕ. ಕಸ ಗುಡಿಸುವ ಕೆಲಸಕ್ಕೆಂದು ಕಂಟ್ರಾಕ್ಟರು ಕರೆತಂದ. ಗುಡಿಸುತ್ತಿದ್ದವಳನ್ನು ಒಂದು ದಿನ ಕರೆದು, "ಇದೊಂದು ತೊಳ್ಕೊಡು" ಎಂದರು. ತೊಳೆದುಕೊಟ್ಟಳು. ಚೆನ್ನಾಗಿ ತೊಳೆದಳು, ಅದೇ ತಪ್ಪಾಯಿತು. ಮಾಡಿದವರ ತಲೆಗೆ ಮತ್ತಷ್ಟು ಹೊರೆ ಎಂಬುದು ಎಲ್ಲ ಊರಿನ ಕಾನೂನು. ಅಂದಿನಿಂದ ಅವಳ ಕೈಗೆ ಪೊರಕೆ ತಪ್ಪಿ ಪೈಪು ಬಂತು. ಇದು ಬಡ್ತಿ ಅಂತ ಅವಳೂ ಒಂದಷ್ಟು ದಿನ ನಂಬಿದ್ದಳು, ಪಾಪ.

ತೊಳೆಯುವ ಕೋಣೆ ಮೆಟ್ಟಿಲ ಕೆಳಗಿನ ಗೂಡು. ಹಿಂದೆ ಅಲ್ಲಿ ಮುರಿದ ಮಂಚ, ಕುಂಟು ಕುರ್ಚಿ ತುಂಬಿದ್ದರಂತೆ. ಮುರಿದದ್ದನ್ನು ಆಚೆ ಹಾಕಿ ಇವಳನ್ನು ಒಳಗೆ ಹಾಕಿದರು. ಕಿಟಕಿಯಿಲ್ಲ. ಗೋಡೆಯಲ್ಲಿ ಫ್ಯಾನಿಗೆಂದು ಕೊರೆದ ತೂತಿದೆ, ಫ್ಯಾನಿಲ್ಲ. ಇಲಿ ಬರುತ್ತದೆ ಅಂತ ಆ ತೂತಿಗೂ ರಟ್ಟು ಬಡಿದಿದ್ದಾರೆ. ಇಲಿಯ ಚಿಂತೆ ಇತ್ತು ನೋಡಿ ಅವರಿಗೆ. ಒಂದು ಸಿಂಕು, ಒಂದು ನಲ್ಲಿ, ಉದ್ದನೆಯ ಪ್ಲಾಸ್ಟಿಕ್ ತೊಟ್ಟಿ. ತೊಟ್ಟಿಯಲ್ಲಿ ಹಸಿರು ನೀರು.

ಅದು ನೀರಲ್ಲ, ಔಷಧಿ. ಕ್ರಿಮಿ ಕೊಲ್ಲುವಂಥದ್ದು. ಡಬ್ಬಿಯ ಮೇಲೆ ತಲೆಬುರುಡೆಯ ಚಿತ್ರ ಇತ್ತು, ಅದರ ಕೆಳಗೆ ಏನೇನೋ ಬರೆದಿತ್ತು. ಏನು ಬರೆದಿದೆ ಎಂದು ಕೇಳಿದ್ದಕ್ಕೆ, "ಕುಡೀಬೇಡ ಅಂತ ಬರೆದಿದೆ" ಎಂದು ಕಂಟ್ರಾಕ್ಟರ ಕಡೆಯವನು ಹೇಳಿದ. ಕುಡಿಯಲಿಲ್ಲ. ಉಸಿರಾಡಿದಳು. ಬೇರೆ ದಾರಿಯೇನಿತ್ತು?

ಒಳಗೆ ಹೋದ ಕೂಡಲೇ ಹಿಂದಿನಿಂದ ಒಂದು ಕೂಗು ಬರುತ್ತದೆ. "ಬಾಗಿಲು ಹಾಕ್ಕೊಳೇ, ಪೇಷಂಟುಗಳಿಗೆ ವಾಸನೆ ಬಡಿಯುತ್ತೆ." ಹೌದಲ್ಲ, ಅವರು ಎದೆರೋಗದವರು. ಪೈಪಕ್ಕ ಬಾಗಿಲು ಹಾಕಿಕೊಳ್ಳುತ್ತಾಳೆ. ಸಿಂಕಿನಲ್ಲಿ ಪೈಪು ಮಲಗಿರುತ್ತದೆ, ಕಫ, ರಕ್ತ, ಜೊಲ್ಲು ಮೆತ್ತಿಕೊಂಡು. ಮೊದಲು ಒರೆಸಬೇಕು. ಪೈಪಿನೊಳಗೆ ಸೋಪು ನೀರು ಎಳೆಸಬೇಕು. ಗಾಳಿ ತುಂಬಿ ನೀರಲ್ಲಿ ಮುಳುಗಿಸಿ ಗುಳ್ಳೆ ಏಳುತ್ತದೆಯೇ ನೋಡಬೇಕು. ಎದ್ದರೆ ಪೈಪು ತೂತು. ಉದ್ದನೆಯ ಬ್ರಶ್ ತೂರಿಸಿ ಆ ತುದಿಯಿಂದ ಎಳೆಯಬೇಕು, ಬ್ರಶ್ಶಿನ ಕೂದಲು ಬೆಳ್ಳಗೆ ಬರುವ ತನಕ. ಬೆನ್ನು ಬಗ್ಗಿಸಿಯೇ ಇರಬೇಕು, ಸಿಂಕು ಕೆಳಗಿದೆ. ಆಮೇಲೆ ತೊಟ್ಟಿಯ ಮುಚ್ಚಳ ತೆಗೆದು ಹಸಿರು ನೀರಲ್ಲಿ ಮುಳುಗಿಸಬೇಕು. ಮುಚ್ಚಳ ತೆಗೆದಾಗ ಒಂದು ಹಬೆ ಏಳುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಕೊಳೆತ ಹಣ್ಣಿನ ವಾಸನೆ, ಅದರ ಹಿಂದೆಯೇ ಉರಿ. ಕಣ್ಣು, ಮೂಗು, ಗಂಟಲು, ಆಮೇಲೆ ಎದೆ. ಉರಿ ದಾರಿ ಕೇಳದೆ ಇಳಿಯುತ್ತದೆ.

ಕೈಗವಸು ಕೊಡುತ್ತಿದ್ದರು. ಹರಿದರೆ ಹರಿದದ್ದನ್ನೇ ಹಾಕಿಕೊಳ್ಳಬೇಕಿತ್ತು. ಅವಳ ಬೆರಳ ತುದಿಗಳು ಕಂದಿ ಕಂದು ಬಣ್ಣಕ್ಕೆ ತಿರುಗಿದ್ದವು. ಬಸ್ಸಿನಲ್ಲಿ ಕಂಬಿ ಹಿಡಿದರೆ ಪಕ್ಕದವರು ಬೆರಳು ನೋಡಿ ಸರಿದು ನಿಲ್ಲುತ್ತಿದ್ದರು. ಕೈ ಕೆಸರಾದರೆ ಬಾಯಿ ಮೊಸರು ಎಂದು ಗಾದೆ ಮಾಡಿದವನು, ಕೈ ಯಾರದು ಬಾಯಿ ಯಾರದು ಎಂದು ಹೇಳದೆ ಹೋದ.

ಕೆಮ್ಮು ಮೊದಲು ಬೆಳಗಿನ ಹೊತ್ತು ಬಂತು. ಆಮೇಲೆ ಮೆಟ್ಟಿಲು ಹತ್ತುವಾಗ. ಆಮೇಲೆ ನಗುವಾಗ. ನಗುವುದನ್ನೇ ಬಿಟ್ಟಳು, ಕೆಮ್ಮು ಬಿಡಲಿಲ್ಲ. ಎಕ್ಸ್‌ರೇ ತೆಗೆದರು. ಬಲಗಡೆ ಒಂದು ಕಡೆ ಮಂಜು ಕವಿದ ಹಾಗಿದೆ ಎಂದರು. ದೊಡ್ಡ ಡಾಕ್ಟರು ಫಿಲಮ್ಮನ್ನು ಬೆಳಕಿಗೆ ಹಿಡಿದು, ಅವಳ ಮುಖ ನೋಡದೆ ಕೇಳಿದರು.

"ಬೀಡಿ ಸೇದ್ತೀಯಾ?"

"ಇಲ್ಲ ಸಾರ್."

"ಗಂಡ?"

"ತೀರ್ಕೊಂಡು ತುಂಬಾ ದಿನ ಆಯ್ತು ಸಾರ್. ಅವರೂ ಸೇದ್ತಿರ್ಲಿಲ್ಲ."

"ಮನೇಲಿ ಸೌದೆ ಒಲೆನಾ?"

"ಗ್ಯಾಸು ಸಾರ್."

"ಮೊದಲು?"

"ಚಿಕ್ಕವಳಿದ್ದಾಗ ನಮ್ಮಮ್ಮನ ಮನೇಲಿ ಸೌದೆ ಒಲೆ ಇತ್ತು."

ಡಾಕ್ಟರು ಪಕ್ಕದಲ್ಲಿ ನಿಂತಿದ್ದ ಕಿರಿಯ ಡಾಕ್ಟರಿಗೆ, "ಒಲೆ ಹೊಗೆ ಅಂತ ಬರ್ಕೊಳ್ಳಿ" ಎಂದರು. ಡಾಕ್ಟರ ಕೋಣೆಗೂ ಮೆಟ್ಟಿಲ ಕೆಳಗಿನ ಗೂಡಿಗೂ ನಡುವೆ ಒಂದೇ ಗೋಡೆ. ಗೋಡೆಯಾಚೆಯ ತೊಟ್ಟಿ ಅವರ ಮಾತಿನಲ್ಲಿ ಬರಲೇ ಇಲ್ಲ. ಅವಳು ಹುಟ್ಟುವ ಮೊದಲೇ ಹಚ್ಚಿದ ಒಲೆಯನ್ನು ಹುಡುಕಿ ತಂದರು.

"ಪೈಪು ಹಾಕಿ ನೋಡೇಬಿಡೋಣ. ಕೆಟ್ಟದ್ದೇನಾದ್ರೂ ಬೆಳೀತಿದೆಯಾ ಅಂತ ಗೊತ್ತಾಗ್ಬೇಕಲ್ಲ" ಎಂದು ಡಾಕ್ಟರು ಕಿರಿಯರ ಕಡೆ ತಿರುಗಿ ಹೇಳಿದರು. "ನೀರು ಬಿಟ್ಟು ತೊಳೆದು ತೆಗೀಬೇಕು. ಬ್ರಶ್ ಕೂಡ ಆಡಿಸ್ಬೇಕು."

ಪೈಪಕ್ಕ ಕೇಳಿಸಿಕೊಂಡಳು. ಅಂದಿನಿಂದ ಅವಳಿಗೆ ನಿದ್ದೆಯಿಲ್ಲ.

ಪೈಪು ಹೊರಗೆ ಬಂದಮೇಲೆ ಏನಾಗುತ್ತದೆ ಎಂಬುದು ಅವಳಿಗೆ ಗೊತ್ತು. ಒಳಗೆ ಹೋಗುವಾಗ ಏನಾಗುತ್ತದೆ ಎಂಬುದು ಗೊತ್ತಿಲ್ಲ. ಒಂದು ದಿನವೂ ಅವಳನ್ನು ಪೈಪು ಹಾಕುವ ಕೋಣೆಗೆ ಬಿಟ್ಟುಕೊಂಡಿರಲಿಲ್ಲ. ಎಂಜಲು ತಟ್ಟೆ ತೊಳೆಯುವವರಿಗೆ ಊಟದ ರುಚಿ ಎಲ್ಲಿಂದ ತಿಳಿಯಬೇಕು? ತೊಳೆಯುವುದೆಂದರೆ ಅವಳಿಗೆ ಗೊತ್ತಿದ್ದದ್ದು ಒಂದೇ ಬಗೆ, ನೀರೆಂದರೆ ಒಂದೇ ನೀರು, ಬ್ರಶ್ಶೆಂದರೆ ಒಂದೇ ಬ್ರಶ್ಶು. ಅದನ್ನೇ ತನ್ನ ಎದೆಯೊಳಗೆ ಬಿಟ್ಟು, ಕೂದಲು ಬೆಳ್ಳಗೆ ಬರುವ ತನಕ ಎಳೆಯುತ್ತಾರೆ ಎಂದುಕೊಂಡಳು.

ಹಿಂದಿನ ದಿನ ಸಂಜೆ ಮಗಳ ಹತ್ತಿರ ಬಾಯಿಬಿಟ್ಟಳು. ಮಗಳು ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗೆ ಗುಂಡಿ ಹಾಕುತ್ತಿದ್ದವಳು. ಕಾರ್ಖಾನೆ ಮುಚ್ಚಿದ ಮೇಲೆ ಮನೆಯಲ್ಲಿದ್ದಳು, ದಿನಾ ಬೆಳಿಗ್ಗೆ ಕೆಲಸ ಹುಡುಕಿ ಹೊರಟು ಮಧ್ಯಾಹ್ನ ಚಪ್ಪಲಿ ಸವೆಸಿಕೊಂಡು ಬರುತ್ತಿದ್ದಳು.

"ಆ ಹಸಿರು ನೀರು ಬಿಡ್ತಾರೇನೋ ಕಣೇ."

"ಎಲ್ಲಿಗೆ?"

"ಎದೆಯೊಳಕ್ಕೆ."

"ಅಮ್ಮಾ, ನಿಂಗೇನ್ ತಲೆ ಕೆಟ್ಟಿದೆಯಾ? ಮನುಷ್ಯರ ಒಳಗೆ ಅದನ್ನ ಬಿಡ್ತಾರಾ?"

"ಇಷ್ಟು ವರ್ಷ ಬಿಟ್ಟಿಲ್ವಾ?"

ಮಗಳು ಅಮ್ಮನ ಕಂದು ಬೆರಳು ನೋಡಿದಳು. "ಕೇಳಿದ್ರೆ ಮುಗೀತಿತ್ತಲ್ಲಮ್ಮ" ಎಂದಳು.

"ಕೇಳಿದ್ರೆ ನಗ್ತಾರೆ. ಪೈಪು ತೊಳೆಯೋಳಿಗೆ ಪೈಪಿನ ಭಯವಂತೆ ಅಂತ ವಾರಪೂರ್ತಿ ನಗ್ತಾರೆ."

ಬೇಗ ಎರಡು ತುತ್ತು ತಿಂದು ಎದ್ದಳು. ಮಲಗಿದಳು, ಎದ್ದು ಕೂತಳು. ಪಾತ್ರೆ ತೊಳೆದಳು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಮಗಳು ಬೈದು ಕೈಹಿಡಿದು ಮಲಗಿಸಿದಳು.

ಬೆಳಿಗ್ಗೆ ಆಸ್ಪತ್ರೆಯಲ್ಲಿ ಅವಳಿಗೆ ಹಿಂದೆ ಕಟ್ಟುವ ನಿಲುವಂಗಿ ಕೊಟ್ಟು ಬೆಂಚಿನ ಮೇಲೆ ಕೂರಿಸಿದರು. ಆ ಬೆಂಚನ್ನು ಅವಳು ಸಾವಿರ ಸಲ ಒರೆಸಿದ್ದಾಳೆ, ಕೂತದ್ದು ಅದೇ ಮೊದಲು. ಕಾಲು ನೆಲದಲ್ಲಿ ನಿಲ್ಲಲಿಲ್ಲ, ಮಂಡಿ ಅಲ್ಲಾಡುತ್ತಲೇ ಇತ್ತು. ಮಗಳು ಅದರ ಮೇಲೆ ಕೈಯಿಟ್ಟು ಒತ್ತಿಹಿಡಿದಳು. ಇನ್ನೊಂದು ಮಂಡಿ ಅಲ್ಲಾಡತೊಡಗಿತು.

ಪಕ್ಕದಲ್ಲಿ ಮೊದಲನೇ ಕೇಸಿನ ಮೇಷ್ಟ್ರು, ನಿವೃತ್ತರಾದವರು. ಆಚೆಗೆ ಮೂರನೇ ಕೇಸು, ಬಟ್ಟೆ ಅಂಗಡಿಯ ಸಾಹುಕಾರರು, ಗಡಿಯಾರ ನೋಡುವುದೇ ಅವರ ಕೆಲಸ. ಇನ್‌ಚಾರ್ಜ್ ಸಿಸ್ಟರ್ ಹಾಳೆ ಹಿಡಿದು ಮೇಷ್ಟ್ರ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ಸಿಸ್ಟರ್ ಕೆಟ್ಟವರೇನಲ್ಲ. ಪೈಪಕ್ಕನ ಮಗಳು ಎಸ್ಸೆಸ್ಸೆಲ್ಸಿ ಪಾಸಾದಾಗ ಪೆನ್ನು ಕೊಟ್ಟಿದ್ದರು. ಕೆಟ್ಟವರಾಗದೆಯೂ ಎಷ್ಟು ಕೆಟ್ಟದ್ದು ಮಾಡಬಹುದು ಎಂಬುದಕ್ಕೆ ಇಂಥವರೇ ಬೇಕು.

"ಅಲರ್ಜಿ ಏನಾದ್ರೂ ಇದೆಯಾ ಸಾರ್? ಸಕ್ಕರೆ ಕಾಯಿಲೆ? ಆಯ್ತು. ಏನು ಕೆಲಸದಲ್ಲಿದ್ರಿ? ಕೆಲಸದ ಜಾಗದಲ್ಲಿ ಧೂಳು, ಹೊಗೆ, ಕೆಮಿಕಲ್ಲು?"

"ಮೇಷ್ಟ್ರ ಕೆಲಸಮ್ಮ. ಸೀಮೆಸುಣ್ಣದ ಪುಡಿ ಬಿಟ್ರೆ ಇನ್ನೇನಿದೆ" ಎಂದು ಮೇಷ್ಟ್ರು ನಾಚಿದರು.

"ಅದನ್ನೂ ಬರ್ಕೋತೀನಿ ಸಾರ್. ಎಲ್ಲಾ ಬೇಕಾಗುತ್ತೆ. ಡಾಕ್ಟ್ರು ಇದನ್ನ ನೋಡೇ ಯೋಚನೆ ಮಾಡೋದು."

ಬರೆದುಕೊಂಡರು. ಸೀಮೆಸುಣ್ಣ ಹಾಳೆಗೆ ಸೇರಿತು. ಪೈಪಕ್ಕ ಬಾಯಿ ಸ್ವಲ್ಪ ತೆರೆದುಕೊಂಡು ನೋಡುತ್ತಿದ್ದಳು.

ಆಮೇಲೆ ಸಿಸ್ಟರ್ ಮೇಷ್ಟ್ರಿಗೆ ಬಿಡಿಸಿ ಹೇಳಿದರು. ಗಂಟಲಿಗೆ ಔಷಧಿ ಹೊಡೀತಾರೆ, ಕಹಿ ಇರುತ್ತೆ, ಆಮೇಲೆ ಗಂಟಲು ದಪ್ಪ ಆದ ಹಾಗೆ ಅನ್ಸುತ್ತೆ, ಏನೂ ಆಗಿರಲ್ಲ, ಮರಗಟ್ಟಿರುತ್ತೆ ಅಷ್ಟೇ. ಮಂಪರು ಬರೋಕೆ ಸೂಜಿ ಕೊಡ್ತೀವಿ. ಉಸಿರು ಕಟ್ಟಿತು ಅನ್ಸಬಹುದು, ಕಟ್ಟಲ್ಲ, ಪೈಪಿನ ಪಕ್ಕ ಜಾಗ ಇದೆ, ನಿಧಾನಕ್ಕೆ ತಗೊಳ್ಳಿ. ಮಾತಾಡೋಕಾಗಲ್ಲ, ಏನಾದ್ರೂ ತೊಂದ್ರೆ ಆದ್ರೆ ಕೈ ಎತ್ತಿ. ಮುಗಿದ ಮೇಲೆ ಗಂಟಲಿಗೆ ಪೂರಾ ಸ್ಪರ್ಶ ಬರೋ ತನಕ ಒಂದು ಗುಟುಕೂ ಕುಡೀಬೇಡಿ, ನೀರು ದಾರಿ ತಪ್ಪಿ ಎದೆಗೆ ಹೋಗುತ್ತೆ.

ಪೈಪಕ್ಕ ಒಂದಕ್ಷರ ಬಿಡದೆ ಕೇಳಿದಳು. ನೀರಿನ ಮಾತು ಬರಲಿಲ್ಲ, ಮೇಷ್ಟ್ರಿಗೆ ತೊಳೆಯುವುದಿರಲಿಲ್ಲ. ಈಗ ತನ್ನ ಸರದಿ ಎಂದು ನೆಟ್ಟಗೆ ಕೂತು ನಿಲುವಂಗಿ ಸರಿಮಾಡಿಕೊಂಡಳು.

ಸಿಸ್ಟರ್ ಕುರ್ಚಿಯನ್ನು ಈ ಕಡೆಗೆ ಎಳೆಯಲೇ ಇಲ್ಲ. ನಿಂತೇ ಹಾಳೆ ಚಾಚಿದರು. ಹಾಳೆಯಲ್ಲಿ ಒಲೆ ಹೊಗೆ ಎಂಬುದೊಂದು ಬಿಟ್ಟು, ಏನೂ ಕೇಳದೆಯೇ ಎಲ್ಲ ಕಡೆ ಗೀಟು ಬಿದ್ದಿತ್ತು.

"ಇಲ್ಲಿ ಸೈನು ಹಾಕು."

"ಸಿಸ್ಟರ್, ನನಗೆ..."

"ನಿನಗೆ ಗೊತ್ತಿರದ್ದೇನೇ ಇದೆ? ಹಾಕು ಬೇಗ, ಮೇಷ್ಟ್ರನ್ನ ಒಳಗೆ ಕರ್ಕೊಂಡು ಹೋಗ್ಬೇಕು."

ಹಾಕಿದಳು. ಹೇಳಿದ್ದನ್ನು ಮಾಡಿ ಅಭ್ಯಾಸವಾದ ಕೈ, ಅವಳನ್ನೂ ಕೇಳದೆ ಹಾಕಿತು.

ಮೇಷ್ಟ್ರು ಒಳಗೆ ಹೋದರು. ಅವರ ಹೆಂಡತಿ ಕಣ್ಣುಮುಚ್ಚಿ ಕೂತರು. ಸಾಹುಕಾರರು ಗಡಿಯಾರ ನೋಡಿದರು. ಪೈಪಕ್ಕ ಎದ್ದಳು, ಗೋಡೆಯ ತನಕ ಹೋಗಿ ಬಂದಳು, ಕೂತಳು, ಮತ್ತೆ ಎದ್ದಳು. ಒಳಗಿನಿಂದ ಮೇಷ್ಟ್ರ ಕೆಮ್ಮು ಕೇಳಿಸಿತು, ಕಟ್ಟಿಹಾಕಿದ ನಾಯಿ ಬೊಗಳಿದಂತೆ. ಆಮೇಲೆ ಅದೂ ನಿಂತಿತು. ಎಷ್ಟೋ ಹೊತ್ತಿಗೆ ಮೇಷ್ಟ್ರನ್ನು ಗಾಲಿಮಂಚದಲ್ಲಿ ಹೊರಗೆ ತಂದರು. ಮಂಪರಿನಲ್ಲಿದ್ದರು, ಉಸಿರು ಚೆನ್ನಾಗಿ ಆಡುತ್ತಿತ್ತು. ಪೈಪಕ್ಕನಿಗೆ ಹೋದ ಜೀವ ಬಂತು.

ಹಿಂದೆಯೇ ಸಿಸ್ಟರ್ ಬಂದರು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಪೈಪು.

"ಪೈಪಕ್ಕ, ನಿನ್ನ ಬದಲಿಗೆ ಒಬ್ಬಳನ್ನ ಕಳಿಸ್ತೀನಿ ಅಂದಿದ್ದ ಕಂಟ್ರಾಕ್ಟರು ಕೈಕೊಟ್ಟ. ಇನ್ನೊಂದು ಪೈಪು ರಿಪೇರಿಗೆ ಹೋಗಿದೆ, ಇರೋದೇ ಇದೊಂದು. ಒಂದ್ಸಲ ತೊಳ್ಕೊಟ್ಟು ಬಂದು ಮಲ್ಕೊಂಡುಬಿಡು. ಹೇಗೂ ನಿನಗೇ ತಾನೇ ಹಾಕೋದು?"

ಮಗಳು ಸಟ್ಟನೆ ತಲೆಯೆತ್ತಿದಳು. "ಸಿಸ್ಟರ್, ಅಮ್ಮ ಇವತ್ತು ಪೇಷಂಟು."

"ಗೊತ್ತಮ್ಮ, ನಾನೇನ್ ಬೇಡ ಅಂದ್ನಾ? ಐದು ನಿಮಿಷದ ಕೆಲಸ ಅವಳಿಗೆ."

ಮಗಳು ಇನ್ನೇನೋ ಹೇಳುವಷ್ಟರಲ್ಲಿ ಪೈಪಕ್ಕ ಎದ್ದು ನಿಂತಿದ್ದಳು. ಕರೆದರೆ ಏಳುವುದು ಅವಳ ಮೂಳೆಗೆ ಇಳಿದ ರೋಗ. ಅದನ್ನು ಯಾವ ಎಕ್ಸ್‌ರೇಯಲ್ಲೂ ಕಾಣಲಾಗುವುದಿಲ್ಲ. ತಟ್ಟೆ ತೆಗೆದುಕೊಂಡಳು. ಗೂಡಿಗೆ ಹೋದಳು. ಹಿಂದಿನಿಂದ ಸಾಹುಕಾರರು ಮೂಗಿಗೆ ಕರವಸ್ತ್ರ ಹಿಡಿದು, "ಬಾಗಿಲು ಹಾಕಮ್ಮ" ಎಂದರು. ಹಾಕಿದಳು.

ನಿಲುವಂಗಿಯ ಮೇಲೆ ಪ್ಲಾಸ್ಟಿಕ್ ಏಪ್ರನ್ ಕಟ್ಟಿದಳು. ಒರೆಸಿದಳು. ಸೋಪು ನೀರು ಎಳೆಸಿದಳು. ಮುಳುಗಿಸಿದಳು, ಗುಳ್ಳೆ ಏಳಲಿಲ್ಲ. ಬ್ರಶ್ ತೂರಿಸಿದಳು. ಬ್ರಶ್ಶಿನ ತುದಿಯಲ್ಲಿ ಮೇಷ್ಟ್ರ ರಕ್ತದ ಒಂದು ಎಳೆ ಬಂತು. ಇನ್ನೊಮ್ಮೆ ತೂರಿಸಿದಳು. ಸ್ವಲ್ಪ ಹೊತ್ತಿಗೆ ಇದು ನನ್ನೊಳಗೆ, ಎಂದುಕೊಂಡಳು. ಇಷ್ಟು ವರ್ಷ ಎಷ್ಟು ಜನರ ಎದೆಯ ಕೊಳೆ ತೆಗೆದ ಕೈ ಇದು, ತನ್ನ ಎದೆಗೆ ಬರುವುದನ್ನು ಮತ್ತೆ ಮತ್ತೆ ಉಜ್ಜಿತು. ಅವಳಿಗೆ ಅಳು ಬಂತು. ಅಳುವುದಕ್ಕೂ ಉಸಿರು ಬೇಕಲ್ಲ, ಅಷ್ಟಿರಲಿಲ್ಲ.

ತೊಟ್ಟಿಯ ಮುಚ್ಚಳ ತೆಗೆದಳು.

ಹಬೆ ಮುಖಕ್ಕೆ ಹೊಡೆಯಿತು. ಕೆಮ್ಮು ಹಿಡಿದುಕೊಂಡಿತು. ಎಂದಿನ ಕೆಮ್ಮಲ್ಲ. ಹೊಟ್ಟೆಯ ತಳದಿಂದ ಎದ್ದು, ಪಕ್ಕೆಲುಬು ಹಿಡಿದು ಅಲ್ಲಾಡಿಸಿ, ಬಾಯಿಗೆ ಬರುವಷ್ಟರಲ್ಲಿ ಇನ್ನೊಂದು. ನೆಲಕ್ಕೆ ಕುಸಿದಳು. ಬರೀ ಹಳದಿ ನೀರು ವಾಂತಿಯಾಯಿತು. ಕಣ್ಣಿಗೆ ಕತ್ತಲೆ ಕವಿಯಿತು. ಬಾಗಿಲ ಚಿಲಕ ಎಲ್ಲಿದೆ ಎಂದು ಕೈ ತಡವರಿಸಿತು. ಕೊನೆಗೆ ಹೆಗಲಿನಿಂದ ಗುದ್ದಿದಳು. ಬಾಗಿಲು ತೆರೆದುಕೊಂಡಿತು, ಅವಳು ಹೊರಗೆ ಬಿದ್ದಳು.

ಮಗಳು ಓಡಿಬಂದು ಹಿಡಿದು ಗೋಡೆಗೆ ಒರಗಿಸಿದಳು. ಬೆನ್ನು ತಿಕ್ಕಿದಳು. ಸಿಸ್ಟರ್ ಕೂಡ ಓಡಿಬಂದರು. ನಾಡಿ ಹಿಡಿದರು. ಪೈಪಕ್ಕನ ಉಸಿರು ಸ್ವಲ್ಪ ಹಿಡಿತಕ್ಕೆ ಬಂದದ್ದನ್ನು ನೋಡಿ, ತೆರೆದ ಬಾಗಿಲನ್ನು ಮುಚ್ಚಿದರು. ಅದು ಅವರ ಅಭ್ಯಾಸ.

"ಪೈಪು ಎಲ್ಲಿ ತನಕ ಆಯ್ತು?" ಎಂದು ಕೇಳಿದರು.

ಒಳಗಿನಿಂದ ಡಾಕ್ಟರು, "ಸಿಸ್ಟರ್, ಎಷ್ಟು ಹೊತ್ತು?" ಎಂದು ಕೂಗಿದರು. ಸಿಸ್ಟರ್ ಆಚೀಚೆ ನೋಡಿದರು. ಕಣ್ಣು ಮಗಳ ಮೇಲೆ ನಿಂತಿತು.

"ನೀನಾದ್ರೂ ಹೋಗಮ್ಮ ಪುಟ್ಟಿ. ಅರ್ಧ ನಿಮ್ಮಮ್ಮ ಮಾಡಿದ್ದಾಳೆ, ಹಸಿರು ನೀರಲ್ಲಿ ಮುಳುಗಿಸಿ ಆಮೇಲೆ ನಲ್ಲಿ ಕೆಳಗೆ ತೊಳೆಯೋದು ಅಷ್ಟೇ. ನಿಮ್ಮಮ್ಮನಿಗೋಸ್ಕರ ತಾನೇ? ಇವತ್ತು ಬಿಟ್ರೆ ಮತ್ತೆ ಡೇಟು ಯಾವಾಗ ಸಿಗುತ್ತೋ." ಆಮೇಲೆ ದನಿ ತಗ್ಗಿಸಿ, ತುಂಬ ಪ್ರೀತಿಯಿಂದ ಹೇಳಿದರು. "ನಿಂಗೂ ಕೆಲಸ ಇಲ್ಲ ಅಂತ ಕೇಳ್ದೆ. ಕಲ್ತುಕೋ. ನಾಳೆ ನಿಮ್ಮಮ್ಮನ ಕೈಲಾಗದೆ ಹೋದ್ರೆ ಆ ಜಾಗ ನಿಂಗೇ ಕೊಡ್ಸೋಣ. ನಾನು ಹೇಳ್ತೀನಿ ಕಂಟ್ರಾಕ್ಟರಿಗೆ."

ಮಗಳು ಅಮ್ಮನ ಮುಖ ನೋಡಿದಳು. ಅಮ್ಮನ ತುಟಿ ನೀಲಿಗಟ್ಟಿತ್ತು. ಪರೀಕ್ಷೆ ಇವತ್ತೇ ಆಗಬೇಕಿತ್ತು. ಅವಳು ಬಗ್ಗಿ ಅಮ್ಮನ ಕೊರಳಿನಿಂದ ಏಪ್ರನ್ ಬಿಚ್ಚಿ ತನ್ನ ಕೊರಳಿಗೆ ಹಾಕಿಕೊಂಡಳು. ದಾರ ಹಿಂದಕ್ಕೆ ತಂದು ಗಂಟು ಹಾಕತೊಡಗಿದಳು. ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟಳು.

ಪೈಪಕ್ಕ ಎದ್ದಳು.

ಹೇಗೆ ಎದ್ದಳೋ ಅವಳಿಗೇ ಗೊತ್ತಿಲ್ಲ. ಮಗಳ ಹಿಂದಿನಿಂದ ಏಪ್ರನ್ನಿನ ದಾರ ಹಿಡಿದು ಜಗ್ಗಿದಳು. ದಾರ ಕಿತ್ತುಬಂತು. ಏಪ್ರನ್ ಸೆಳೆದು ನೆಲಕ್ಕೆ ಎಸೆದಳು. ಗೂಡಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಇವಳು ಒಳಗೆ ಹೋಗಲ್ಲ."

"ಅಮ್ಮಾ, ನಾನೇ..."

"ಬಾಯ್ಮುಚ್ಚು ನೀನು. ನೀನು ಹೋಗಲ್ಲ. ನಾನೂ ಹೋಗಲ್ಲ."

"ಏನೇ ಇದು, ಊರ ಮುಂದೆ?" ಸಿಸ್ಟರ್ ಮುಖ ಕೆಂಪಾಯಿತು. "ನಿನ್ನ ಒಳ್ಳೇದಕ್ಕೇ ಹೇಳಿದ್ದು ನಾನು."

"ಗೊತ್ತು ಸಿಸ್ಟರ್. ನನ್ನ ಒಳ್ಳೇದು ಇಷ್ಟು ಆಗಿದೆ. ಸಾಕು. ಅವಳಿಗೆ ಬೇಡ."

"ಹಾಗಾದ್ರೆ ನಿನ್ನ ಟೆಸ್ಟು ಆಗಲ್ಲ ನೋಡು."

"ಆಗೋದು ಬೇಡ."

"ನಾಳೆಯಿಂದ ಕೆಲಸವೂ ಇರಲ್ಲ. ಕಂಟ್ರಾಕ್ಟರು ಒಂದು ಮಾತಿಗೆ ತೆಗೆದುಹಾಕ್ತಾನೆ."

"ತೆಗೆದುಹಾಕ್ಲಿ. ನಾನು ಸತ್ತ ಮೇಲೆ ತೆಗೆದುಹಾಕಲ್ವಾ? ಈಗ್ಲೇ ಹಾಕ್ಲಿ."

ಸಾಹುಕಾರರು ಎದ್ದು ನಿಂತರು. "ಒಂದು ಪೈಪು ತೊಳೆಯೋಕೆ ಇಷ್ಟೊಂದು ರಾದ್ಧಾಂತವೇನ್ರೀ? ನಾವೂ ಹಸ್ಕೊಂಡು ಕೂತಿದ್ದೀವಿ."

ಪೈಪಕ್ಕ ಅವರ ಕಡೆ ತಿರುಗಿದಳು. "ಸಾಮಿ, ನನ್ನ ಬಿಟ್ರೆ ಮುಂದಿನ ಸರದಿ ನಿಮ್ದೇ. ಅದು ನಿಮ್ಮ ಗಂಟಲಿಗೆ ಹೋಗೋ ಪೈಪು. ಅಷ್ಟು ಸಲೀಸು ಅನ್ಸಿದ್ರೆ ಹೋಗಿ, ತೊಳ್ಕೊಂಡು ಬನ್ನಿ. ಬಾಗಿಲು ಮಾತ್ರ ಹಾಕ್ಕೊಳ್ಳಿ, ವಾಸನೆ ಬರುತ್ತೆ."

ಸಾಹುಕಾರರು ಕೂತರು. ಮೇಷ್ಟ್ರ ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದರು. ನಗುವೋ ಗಾಬರಿಯೋ ಗೊತ್ತಾಗಲಿಲ್ಲ.

ಗಲಾಟೆ ಕೇಳಿ ದೊಡ್ಡ ಡಾಕ್ಟರು ಹೊರಗೆ ಬಂದರು. ಕೈಗವಸು ಹಾಕಿದ ಕೈಗಳನ್ನು ಎದೆಯ ಮುಂದೆ ಎತ್ತಿಹಿಡಿದಿದ್ದರು. ಹೊಸ ಕೈಗವಸು, ಎಲ್ಲೂ ಹರಿದಿರಲಿಲ್ಲ.

"ಏನಿದು? ಯಾಕೆ ಮಲಗಿಲ್ಲ ಇವಳು?"

"ಪೈಪು ತೊಳೆಯಲ್ಲ ಅಂತಿದ್ದಾಳೆ ಸಾರ್" ಎಂದರು ಸಿಸ್ಟರ್.

"ಯಾಕಮ್ಮ? ಏನ್ ಬೇಕು ನಿಂಗೆ?"

ಏನು ಬೇಕು ಎಂದು ಅವಳನ್ನು ಆ ಆಸ್ಪತ್ರೆಯಲ್ಲಿ ಯಾರೂ ಕೇಳಿರಲಿಲ್ಲ. ಬೇಕಾದದ್ದು ಎಷ್ಟೋ ಇತ್ತು, ನಾಲಿಗೆಗೆ ಮೊದಲು ಬಂದದ್ದು ರಾತ್ರಿಯೆಲ್ಲ ಎದೆ ಕೊರೆದ ಮಾತು.

"ನನ್ನೊಳಗೆ ನೀರು ಬಿಟ್ಟು ತೊಳೀತೀನಿ ಅಂದ್ರಲ್ಲ ಸಾರ್. ಯಾವ ನೀರದು?"

"ಅಂದ್ರೆ?"

"ಈ ನೀರೇನಾ?" ಅವಳು ಹಿಂದೆ ತಿರುಗದೆ ಬಾಗಿಲನ್ನು ತೋರಿಸಿದಳು.

ಡಾಕ್ಟರು ಬಾಗಿಲು ನೋಡಿದರು. ಆಮೇಲೆ ಅವಳನ್ನು ನೋಡಿದರು. ಫಿಲಮ್ಮು ನೋಡಿದ್ದ ಮನುಷ್ಯ ಈಗ ಮುಖ ನೋಡಿದ.

"ಅಲ್ಲ. ಉಪ್ಪು ನೀರು ಅದು, ಶುದ್ಧವಾದದ್ದು. ಸ್ವಲ್ಪ ಬಿಟ್ಟು ತಕ್ಷಣ ವಾಪಸ್ ಎಳ್ಕೋತೀವಿ. ಬ್ರಶ್ಶೂ ಬೇರೆ, ಕೂದಲೆಳೆಯಷ್ಟು ಸಣ್ಣದು. ಈ ನೀರನ್ನ ಯಾರಾದ್ರೂ ಎದೆಯೊಳಗೆ ಬಿಡ್ತಾರಾ?"

"ನೀವು ಬಿಟ್ರಿ ಸಾರ್. ನೀವೇ ಬಿಟ್ರಿ. ಬಾಗಿಲು ಹಾಕಿ ಬಿಟ್ರಿ." ಅವಳ ದನಿ ಒಡೆಯಿತು, ಕೆಮ್ಮು ಬಂತು, ಮಗಳು ಹಿಡಿಯಲು ಬಂದಳು, ಪೈಪಕ್ಕ ಕೈ ಅಡ್ಡ ಮಾಡಿದಳು. "ಮೇಷ್ಟ್ರನ್ನ ಕೇಳಿದ್ರು, ಏನ್ ಕೆಲಸ ಅಂತ. ಸೀಮೆಸುಣ್ಣ ಬರ್ಕೊಂಡ್ರು. ನನ್ನ ಕೇಳ್ಲಿಲ್ಲ."

"ನಿನ್ನ ಕೆಲಸ ಇಡೀ ಆಸ್ಪತ್ರೆಗೇ ಗೊತ್ತಲ್ಲೇ!" ಎಂದರು ಸಿಸ್ಟರ್.

"ಗೊತ್ತಿದ್ರೆ ಬರೀಬೇಕಿತ್ತು. ಒಲೆ ಹೊಗೆ ಅಂತ ಯಾಕೆ ಬರೆದ್ರಿ? ನಮ್ಮಮ್ಮ ಆ ಒಲೇಲಿ ನಂಗೆ ಅನ್ನ ಬೇಯಿಸಿ ಹಾಕಿದ್ಲು. ಸತ್ತು ಮಣ್ಣಾದವಳ ತಲೆಗೆ ಕಟ್ತೀರಾ ಇದನ್ನ? ನಾಚ್ಕೆ ಆಗಲ್ವಾ?"

ಗಾಲಿಮಂಚದಲ್ಲಿ ಮೇಷ್ಟ್ರು ಕಣ್ಣುಬಿಟ್ಟಿದ್ದರು. ಅವರ ಗಂಟಲು ಇನ್ನೂ ಮರಗಟ್ಟಿತ್ತು.

ಡಾಕ್ಟರಿಗೆ ಸಿಟ್ಟು ಬಂದದ್ದು ಕಾಣುತ್ತಿತ್ತು. ಅದು ಯಾರ ಮೇಲೆ ಎಂಬುದು ಕಾಣುತ್ತಿರಲಿಲ್ಲ. "ಸಿಸ್ಟರ್, ಪೈಪು ನೀವು ತೊಳೀರಿ" ಎಂದರು.

"ನಾನಾ?"

ಅಷ್ಟು ನಿಜವಾದ ಆಶ್ಚರ್ಯವನ್ನು ಪೈಪಕ್ಕ ಆ ಮುಖದಲ್ಲಿ ಹಿಂದೆಂದೂ ಕಂಡಿರಲಿಲ್ಲ. ಆ ಕೋಣೆ ತನಗೂ ಸೇರಿದ್ದು ಎಂದು ಸಿಸ್ಟರಿಗೆ ಒಂದು ಸಲವೂ ಅನ್ನಿಸಿರಲಿಲ್ಲ. ಅವರು ನೆಲದ ಮೇಲಿನ ಏಪ್ರನ್ ಎತ್ತಿಕೊಂಡರು. ಕಿತ್ತ ದಾರ ನೋಡಿದರು. ಪೈಪಕ್ಕ ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

"ಮುಚ್ಚಳ ತೆರೆದೇ ಇದೆ ಸಿಸ್ಟರ್. ಉಸಿರು ಬಿಗಿಹಿಡ್ಕೊಂಡು ಬಗ್ಗಿ. ಬಾಗಿಲು ಪೂರ್ತಿ ಹಾಕ್ಬೇಡಿ."

ವ್ಯಂಗ್ಯಕ್ಕೆ ಹೇಳಿದ್ದಲ್ಲ. ಆ ಉರಿ ಇನ್ನೊಬ್ಬ ಹೆಂಗಸಿಗೆ ಬೇಡ ಎಂದೇ ಹೇಳಿದಳು. ಇವಳು ಸೇರಿದ ದಿನ ಆ ಒಂದು ಮಾತನ್ನು ಹೇಳುವವರು ಯಾರೂ ಇರಲಿಲ್ಲ.

ಪೈಪಕ್ಕ ಬೆಂಚಿಗೆ ಬಂದು ಕೂತಳು. ಎದುರಿನ ಖಾಲಿ ಕುರ್ಚಿ ತೋರಿಸಿದಳು.

"ಕೂತ್ಕೊಂಡು ಕೇಳಿ ಸಾರ್."

ಡಾಕ್ಟರು ನಿಂತೇ ಇದ್ದರು. ಸಾಹುಕಾರರನ್ನು ನೋಡಿದರು, ಮೇಷ್ಟ್ರ ಹೆಂಡತಿಯನ್ನು ನೋಡಿದರು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಗೂಡಿನ ಒಳಗಿನಿಂದ ಸಿಸ್ಟರ್ ಕೆಮ್ಮುವುದು ಕೇಳಿಸಿತು, ಒಮ್ಮೆ, ಮತ್ತೊಮ್ಮೆ. ಡಾಕ್ಟರು ಕೈಗವಸು ಬಿಚ್ಚಿ ಬುಟ್ಟಿಗೆ ಹಾಕಿ, ಕುರ್ಚಿ ಎಳೆದುಕೊಂಡು ಕೂತರು. ಮಗಳು ಬೆಂಚಿನ ಮೇಲಿದ್ದ ಹಾಳೆ ಕೊಟ್ಟಳು. ಅವರು ಒಲೆ ಹೊಗೆಯ ಮೇಲೆ ಗೀಟು ಎಳೆದರು.

"ಏನು ಕೆಲಸ ನಿಮ್ದು?"

"ಪೈಪು ತೊಳೆಯೋದು."

"ಕೆಲಸದ ಜಾಗದಲ್ಲಿ ಧೂಳು, ಹೊಗೆ, ಕೆಮಿಕಲ್ಲು?"

ಪೈಪಕ್ಕ ಹೇಳತೊಡಗಿದಳು. ಪೊರಕೆ ಹಿಡಿದಿದ್ದವಳನ್ನು ಒಂದು ದಿನ ಕರೆದದ್ದು. ತೊಟ್ಟಿ ತೋರಿಸಿದ್ದು. ಡಬ್ಬಿಯ ಮೇಲಿನ ತಲೆಬುರುಡೆ. ಒಂದು ವಾಕ್ಯ, ಒಂದು ಕೆಮ್ಮು, ಮತ್ತೊಂದು ವಾಕ್ಯ. ಮಗಳಿಗೂ ಹೇಳದ್ದನ್ನು ಹೇಳುತ್ತಿದ್ದಳು. ಮಗಳು ಅಮ್ಮನ ಕಂದು ಬೆರಳುಗಳನ್ನು ಹಿಡಿದು ಕೂತಿದ್ದಳು. ಡಾಕ್ಟರು ಬರೆದರು. ಸ್ವಲ್ಪ ಹೊತ್ತಿಗೆ ಪೆನ್ನು ನಿಲ್ಲಿಸಿ, ಗಡಿಯಾರದ ಕಡೆ ಕಣ್ಣು ಹಾಯಿಸಿ ಕೇಳಿದರು.

"ಆಯ್ತಾ?"

"ಎಲ್ಲಿ ಆಯ್ತು ಸಾರ್? ಇನ್ನೂ ಮೊದಲನೇ ದಿನದ್ದೇ ಮುಗಿದಿಲ್ಲ. ಬರ್ಕೊಳ್ಳಿ."